ಸೆರೆಮನೆ ಕಂಡ ವಿಜ್ಞಾನಿ ಕ್ಯಾಥ್ಲೀನ್ ಲಾನ್ಸ್‌ಡೇಲ್

ಎಕ್ಸ್-ರೇ ಎಂದೊಡನೆ ನಮಗೆ ನೆನಪಾಗುವುದು ಆಸ್ಪತ್ರೆ, ಮುರಿದ ಮೂಳೆ. ಅದೇ ಕಿರಣವನ್ನು ಹರಳಿನ ಮೇಲೆ ಬಿಟ್ಟರೆ ಅದು ಪರಮಾಣುಗಳ ಸಾಲುಗಳಿಂದ ಚೆದುರಿ ಫಿಲ್ಮಿನ ಮೇಲೆ ಚುಕ್ಕೆಗಳನ್ನು ಮೂಡಿಸುತ್ತದೆ. ಆ ಚುಕ್ಕೆಗಳ ಲೆಕ್ಕ ಹಿಡಿದು ಪರಮಾಣುಗಳ ಜೋಡಣೆಯನ್ನು ಹೇಳುವುದರಲ್ಲಿ ಹೆಸರಾದವರು ಡಾ. ಕ್ಯಾಥ್ಲೀನ್ ಲಾನ್ಸ್‌ಡೇಲ್.

1903ರ ಜನವರಿ 28ರಂದು ಐರ್ಲೆಂಡಿನ ನ್ಯೂಬ್ರಿಜ್‌ನಲ್ಲಿ ಜನನ. ಹತ್ತು ಮಕ್ಕಳಲ್ಲಿ ಕೊನೆಯವರು. ಕುಟುಂಬ ಇಂಗ್ಲೆಂಡಿಗೆ ಬಂದ ಮೇಲೆ ಹೆಣ್ಣುಮಕ್ಕಳ ಶಾಲೆಯಲ್ಲಿ ಭೌತಶಾಸ್ತ್ರದ ಪಾಠವಿಲ್ಲದೆ, ಅದಕ್ಕಾಗಿ ಹುಡುಗರ ಶಾಲೆಗೆ ಹೋಗಿ ಕುಳಿತರು. ಪದವಿಯ ನಂತರ ವಿಲಿಯಂ ಹೆನ್ರಿ ಬ್ರ್ಯಾಗ್ ತಮ್ಮ ತಂಡಕ್ಕೆ ಸೇರಿಸಿಕೊಂಡರು. 1929ರಲ್ಲಿ ಬೆಂಜೀನ್ ಉಂಗುರ ಚಪ್ಪಟೆಯಾಗಿದೆ ಎಂದು ಸಾಬೀತುಪಡಿಸಿದಾಗ ಅವರಿಗೆ 26 ವರ್ಷ. ಮೂವರು ಮಕ್ಕಳನ್ನು ಸಾಕುತ್ತಾ ಮನೆಯಲ್ಲೇ ಕುಳಿತು ಲೆಕ್ಕ ಮಾಡಿದ ದಿನಗಳೂ ಇದ್ದವು.

ನಮ್ಮ ಬೆಂಗಳೂರಿಗೂ ಇಲ್ಲೊಂದು ನಂಟಿದೆ. ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸರ್ ಸಿ.ವಿ. ರಾಮನ್, 1940ರಲ್ಲಿ ವಜ್ರದ ಎಕ್ಸ್-ರೇ ಚಿತ್ರದಲ್ಲಿ ಕಂಡ ಹೆಚ್ಚುವರಿ ಚುಕ್ಕೆಗಳಿಗೆ ಹೊಸ ಸಿದ್ಧಾಂತವನ್ನೇ ಮಂಡಿಸಿದರು. ಲಾನ್ಸ್‌ಡೇಲ್ ಒಪ್ಪಲಿಲ್ಲ. ಶಾಖದಿಂದ ಪರಮಾಣುಗಳು ಕಂಪಿಸುವುದೇ ಇದಕ್ಕೆ ಮುಖ್ಯ ಕಾರಣ ಎಂದರು. ನೊಬೆಲ್ ವಿಜೇತರ ಎದುರು ವಾದಕ್ಕೆ ನಿಲ್ಲುವುದು ಸಣ್ಣ ಮಾತಲ್ಲ. ಬಹುಮಟ್ಟಿಗೆ ನಿಂತದ್ದು ಅವರ ವಾದವೇ.

ಕ್ವೇಕರ್ ಪಂಥ ಸೇರಿದ್ದ ಅವರು ಯುದ್ಧದ ಕಡು ವಿರೋಧಿ. ಎರಡನೇ ಮಹಾಯುದ್ಧದಲ್ಲಿ ನಾಗರಿಕ ರಕ್ಷಣಾ ಕೆಲಸಕ್ಕೆ ಹೆಸರು ನೋಂದಾಯಿಸಬೇಕೆಂಬ ಆಜ್ಞೆಯನ್ನು ಪಾಲಿಸಲಿಲ್ಲ. ಹೆಸರು ಕೊಟ್ಟಿದ್ದರೆ ಚಿಕ್ಕ ಮಕ್ಕಳ ತಾಯಿಯೆಂದು ವಿನಾಯಿತಿ ಸಿಗುತ್ತಿತ್ತು! ಎರಡು ಪೌಂಡು ದಂಡವನ್ನೂ ಕಟ್ಟದೆ 1943ರಲ್ಲಿ ಲಂಡನ್ನಿನ ಹಾಲೊವೆ ಜೈಲಿನಲ್ಲಿ ಒಂದು ತಿಂಗಳು ಕಳೆದರು. ಅಲ್ಲೂ ಲೆಕ್ಕದ ಕಾಗದಗಳು ಜೊತೆಗಿದ್ದವು. ಎರಡೇ ವರ್ಷದಲ್ಲಿ, 1945ರಲ್ಲಿ, ರಾಯಲ್ ಸೊಸೈಟಿಯ ಫೆಲೋಗಳಾದ ಮೊದಲ ಇಬ್ಬರು ಮಹಿಳೆಯರಲ್ಲಿ ಒಬ್ಬರಾದರು. ಮುಂದೆ ಜೈಲು ಸುಧಾರಣೆಗೂ ದುಡಿದರು.

ಅಮೆರಿಕದ ಅರಿಜೋನಾದಲ್ಲಿ ಸುಮಾರು 50,000 ವರ್ಷಗಳ ಹಿಂದೆ ಬಿದ್ದ ಕ್ಯಾನಿಯನ್ ಡಯಾಬ್ಲೊ ಉಲ್ಕೆಯಲ್ಲಿ ಗ್ರಾಫೈಟ್ ಇತ್ತು. ನೆಲಕ್ಕಪ್ಪಳಿಸಿದ ಕ್ಷಣದ ಅಪಾರ ಒತ್ತಡ, ಉಷ್ಣಕ್ಕೆ ಅದು ವಜ್ರವಾಯಿತು. ಅದರೊಳಗೆ ಮಾಮೂಲಿ ವಜ್ರದಂತೆ ಘನಾಕೃತಿಯಲ್ಲದೆ ಷಡ್ಭುಜ ಜೋಡಣೆಯ ಇಂಗಾಲವೂ ಇದೆಯೆಂದು ತಿಳಿಸಿದ್ದು ಎಕ್ಸ್-ರೇ ಪರೀಕ್ಷೆಯೇ. ವಜ್ರದ ಅಧ್ಯಯನಕ್ಕೆ ಇಷ್ಟೊಂದು ದುಡಿದ ಲಾನ್ಸ್‌ಡೇಲ್ ಅವರ ಗೌರವಾರ್ಥ 1967ರಲ್ಲಿ ಅದಕ್ಕೆ ಲಾನ್ಸ್‌ಡೇಲೈಟ್ ಎಂದು ಹೆಸರಿಡಲಾಯಿತು. ಅದು ಪ್ರತ್ಯೇಕ ಖನಿಜವೋ, ದೋಷವುಳ್ಳ ವಜ್ರವೋ ಎಂಬ ಚರ್ಚೆ 2014ರಲ್ಲಿ ಮತ್ತೆ ಎದ್ದಿತು.

1971ರ ಏಪ್ರಿಲ್ 1ರಂದು ಅವರು ತೀರಿಕೊಂಡರು. ಆ ಖನಿಜ ಸಿಗುವುದೇ ಚೂರುಪಾರು, ಅದೂ ಕಲಬೆರಕೆಯಾಗಿ. ಹಾಗಾಗಿ ತನ್ನ ಹೆಸರು ಅದಕ್ಕೆ ಸರಿಯಾಗಿಯೇ ಒಪ್ಪುತ್ತದೆ ಎಂದು ತಮಾಷೆ ಮಾಡಿದ್ದರಂತೆ.