ತಂತಿ ಬದಲಿಸಿದರೆ ನಾದ ಸರಿಹೋಗುತ್ತದೆಯೇ? ಸಿ.ವಿ. ರಾಮನ್ ಕಂಡುಕೊಂಡದ್ದು

ತಂಬೂರಿಯ ನಾದ ಮಂದವಾಯಿತೆಂದರೆ ಸಿಗುವ ಮೊದಲ ಸಲಹೆ, ದುಬಾರಿ ತಂತಿ ಹಾಕಿ ಎಂಬುದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಭಜನಾ ಮಂಡಳಿಯವರು ಹಣ ಖರ್ಚು ಮಾಡುವ ಮುನ್ನ ಸಿ.ವಿ. ರಾಮನ್ ಅವರ ಕಥೆ ಓದಿ.

ರಾಮನ್ ಹುಟ್ಟಿದ್ದು 1888ರಲ್ಲಿ, ತಿರುಚಿರಾಪಳ್ಳಿಯಲ್ಲಿ. ತಂದೆ ಪಿಟೀಲು ನುಡಿಸುತ್ತಿದ್ದರು. ಪತ್ನಿ ಲೋಕಸುಂದರಿ ವೀಣೆ. 1907ರಲ್ಲಿ ಕಲ್ಕತ್ತೆಯಲ್ಲಿ ಹಣಕಾಸು ಇಲಾಖೆಯ ನೌಕರಿ ಸೇರಿದರು. ಕಚೇರಿಗೆ ಮುಂಚೆ, ಕಚೇರಿ ಬಿಟ್ಟ ಮೇಲೆ ತಂತಿಗಳ ಕಂಪನದ ಮೇಲೆ ಪ್ರಯೋಗ ಮಾಡುತ್ತಿದ್ದರು. 1917ರಲ್ಲಿ ಹೆಚ್ಚು ಸಂಬಳದ ಆ ನೌಕರಿಯನ್ನೇ ಬಿಟ್ಟು ಪ್ರಾಧ್ಯಾಪಕರಾದರು.

1921ರಲ್ಲಿ ವೀಣೆ, ತಂಬೂರಿ ಕುರಿತು ಪ್ರಬಂಧ ಪ್ರಕಟಿಸಿದರು. ತಂತಿಯನ್ನು ನಟ್ಟನಡುವೆ ಮೀಟಿದರೆ ಕೆಲವು ಉಪಸ್ವರಗಳು ಕೇಳಬಾರದು ಎನ್ನುತ್ತದೆ ನಿಯಮ. ತಂಬೂರಿಯಲ್ಲಿ ಅವೂ ಕೇಳಿದವು! ಕಾರಣ ತಂತಿಯ ಲೋಹವಲ್ಲ. ಅಗಲವಾದ ಕುದುರೆ ಮತ್ತು ಅದರ ಮೇಲಿಡುವ ನೂಲು. ಕಂಪಿಸುವ ತಂತಿ ಕುದುರೆಗೆ ಮತ್ತೆ ಮತ್ತೆ ತಾಗುತ್ತದೆ.

ಹಾಗಾದರೆ ಲೋಹ ಲೆಕ್ಕಕ್ಕೇ ಇಲ್ಲವೇ? ಇದೆ. ತಂಬೂರಿಯಲ್ಲಿ ಮಂದ್ರಕ್ಕೆ ದಪ್ಪ ಹಿತ್ತಾಳೆ ತಂತಿ, ಉಳಿದವಕ್ಕೆ ಉಕ್ಕು. ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಕಂಪನ ಹಿಡಿಯುವುದೇ ಅಯಸ್ಕಾಂತ. ಹಾಗಾಗಿ ಉಕ್ಕು, ನಿಕಲ್ ಬೇಕು. ನೈಲಾನ್ ಹಾಕಿದರೆ ಸ್ಪೀಕರ್‌ನಲ್ಲಿ ಸದ್ದೇ ಬರದು.

ಬೆಳಕಿನ ಸಂಶೋಧನೆಗೆ 1930ರಲ್ಲಿ ನೊಬೆಲ್ ಪಡೆದ ರಾಮನ್, 1933ರಲ್ಲಿ ಬೆಂಗಳೂರಿಗೆ ಬಂದರು. 1970ರಲ್ಲಿ ಇಲ್ಲೇ ತೀರಿಕೊಂಡರು.

ತಂತಿಗೆ ತುಕ್ಕು ಹಿಡಿದಿದ್ದರೆ ಬದಲಿಸಿ. ಇಲ್ಲದಿದ್ದರೆ ಮೊದಲು ನೂಲನ್ನು ಸ್ವಲ್ಪ ಸರಿಸಿ, ಕುದುರೆ ಸವೆದಿದೆಯೇ ನೋಡಿ.