ಟ್ರಿಗರ್ ಹಗುರ ಮಾಡಿದಷ್ಟೂ ರೈಫಲ್ ಒಳ್ಳೆಯದೇ? ಪಾಲ್ ಮೌಸರ್ ಬದುಕಿನಿಂದ ತಿಳಿಯೋಣ

ಬೋಲ್ಟ್ ಆ್ಯಕ್ಷನ್ ರೈಫಲ್‌ಗೆ ಬೇರೆ ಕಂಪನಿಯ ಟ್ರಿಗರ್ ಹಾಕಿಸಿ, ಸ್ಕ್ರೂ ತಿರುಗಿಸಿ ಆದಷ್ಟು ಹಗುರ ಮಾಡಿದರೆ ಗುರಿ ತಪ್ಪುವುದಿಲ್ಲ, ಸೇಫ್ಟಿ ಹಾಕಿದ್ದರೆ ಅಪಾಯವೂ ಇಲ್ಲ ಎಂದು ನಂಬಿದವರು ಬಹಳ. ಇದು ಅರ್ಧ ಸತ್ಯ ಮಾತ್ರ. ಉಳಿದರ್ಧ ತಿಳಿಯಲು ಈ ಬಗೆಯ ರೈಫಲ್ ಅನ್ನು ಜಗತ್ತಿಗೆ ಪರಿಚಯಿಸಿದವರಲ್ಲಿ ಪ್ರಮುಖನಾದ ಪಾಲ್ ಮೌಸರ್ ಬದುಕನ್ನು ನೋಡೋಣ.

ಮೌಸರ್ ಹುಟ್ಟಿದ್ದು 1838ರ ಜೂನ್ 27ರಂದು, ಜರ್ಮನಿಯ ಓಬರ್ನ್‌ಡಾರ್ಫ್‌ನಲ್ಲಿ. 13 ಮಕ್ಕಳಲ್ಲಿ ಕೊನೆಯವನು. ತಂದೆ ಅಲ್ಲಿನ ಸರ್ಕಾರಿ ಬಂದೂಕು ಕಾರ್ಖಾನೆಯಲ್ಲಿ ಕೆಲಸಗಾರ. 1859ರಲ್ಲಿ ಸೈನ್ಯದ ಫಿರಂಗಿ ದಳ ಸೇರಿದ ಪಾಲ್, ಬೇಗನೆ ಊರಿನ ಕಾರ್ಖಾನೆಗೆ ಮರಳಿ ಅಣ್ಣ ವಿಲ್ಹೆಲ್ಮ್ ಜೊತೆ ಹೊಸ ರೈಫಲ್ ರೂಪಿಸತೊಡಗಿದ.

1871ರ ಡಿಸೆಂಬರ್‌ನಲ್ಲಿ ಜರ್ಮನಿ ಆ ರೈಫಲ್ ಒಪ್ಪಿತು, ಆದರೆ ತಾತ್ಕಾಲಿಕವಾಗಿ. ಸರಿಯಾದ ಸೇಫ್ಟಿ ಇನ್ನೂ ಸಿದ್ಧವಾಗಿರಲಿಲ್ಲ. ಅದು ಸಿದ್ಧವಾದ ಮೇಲೆ, 1872ರ ಫೆಬ್ರವರಿಯಲ್ಲಿ, ಅಂತಿಮ ಒಪ್ಪಿಗೆ ಸಿಕ್ಕಿತು.

1882ರಲ್ಲಿ ವಿಲ್ಹೆಲ್ಮ್ ತೀರಿಕೊಂಡ. ಪಾಲ್ ಕೆಲಸ ಮುಂದುವರಿಸಿದ. 1898ರ ಪ್ರಸಿದ್ಧ ರೈಫಲ್‌ನಲ್ಲಿ ಒಂದು ಭಾಗ ಕೈಕೊಟ್ಟರೆ ಇನ್ನೊಂದು ಕಾಯುವ ಏರ್ಪಾಡಿತ್ತು. ಬೋಲ್ಟ್‌ನ ಮುಂದಿನ ಎರಡು ಹಿಡಿಗಳು ಮುರಿದರೆ ತಡೆಯಲು ಹಿಂದೆ ಮೂರನೆಯದು. ಗುಂಡಿನ ಕೋಶ ಒಡೆದರೆ ಬಿಸಿ ಅನಿಲ ಹೊರಹೋಗಲು ರಂಧ್ರಗಳು. ಅದರ ಸೇಫ್ಟಿ ಟ್ರಿಗರನ್ನಲ್ಲ, ಫೈರಿಂಗ್ ಪಿನ್ನಿನ ಹಿಂಭಾಗವನ್ನೇ ಹಿಡಿದು ನಿಲ್ಲಿಸುತ್ತಿತ್ತು.

ಟ್ರಿಗರ್ ಎರಡು ಹಂತದ್ದು. ಪಿನ್ನನ್ನು ತಡೆದು ಹಿಡಿಯುವ ಲೋಹದ ಮೆಟ್ಟಿಲಿಗೆ ಸಿಯರ್ ಎನ್ನುತ್ತಾರೆ. ಬೆರಳು ಒತ್ತುವ ಮೊದಲು ಸಿಯರ್ ಆಳವಾಗಿ ಕಚ್ಚಿಕೊಂಡಿರುತ್ತದೆ. ಮೊದಲ ಒತ್ತಿನಲ್ಲಿ ಆ ಹಿಡಿತ ಕಡಿಮೆಯಾಗುತ್ತದೆ, ಎರಡನೆಯದರಲ್ಲಿ ಗುಂಡು ಹಾರುತ್ತದೆ. ಹಾಗಾಗಿ ರೈಫಲ್ ಕೈಜಾರಿ ಬಿದ್ದರೂ ಸಿಯರ್ ಸುಲಭವಾಗಿ ಕಳಚುವುದಿಲ್ಲ.

ಹೊರಗಿನ ಟ್ರಿಗರ್‌ಗಳು ಸಾಮಾನ್ಯವಾಗಿ ಒಂದೇ ಹಂತದವು. ಒಂದು ಸ್ಕ್ರೂ ಒತ್ತಡದ ಭಾರ ಬದಲಿಸಿದರೆ, ಇನ್ನೊಂದು ಸಿಯರ್ ಕಚ್ಚುವ ಆಳವನ್ನು ಬದಲಿಸುತ್ತದೆ. ಎರಡನ್ನೂ ಅತಿಯಾಗಿ ಇಳಿಸಿದರೆ ಬೋಲ್ಟ್ ಜೋರಾಗಿ ಮುಚ್ಚಿದಾಗಲೇ ಗುಂಡು ಹಾರಬಹುದು.

ಆದ್ದರಿಂದ ತಯಾರಕರು ಹೇಳಿದ ಮಿತಿ ದಾಟಬಾರದು. ಹೊಂದಿಸುವ ಮೊದಲು ಚೇಂಬರ್, ಮ್ಯಾಗಜೀನ್ ಖಾಲಿ ಇವೆಯೇ ಎಂದು ಕಣ್ಣಿಂದಲೂ ಬೆರಳಿಂದಲೂ ನೋಡಬೇಕು. ಗುಂಡುಗಳು ಬೇರೆ ಕೋಣೆಯಲ್ಲಿರಲಿ. ಪ್ರತಿ ಬದಲಾವಣೆಯ ನಂತರ, ಖಾಲಿ ರೈಫಲ್‌ನಲ್ಲೇ ಮೂರು ಪರೀಕ್ಷೆ:

1. ಬೋಲ್ಟನ್ನು ಹಲವು ಬಾರಿ ಜೋರಾಗಿ ಮುಚ್ಚಿ.
2. ಪಿನ್ ಎಳೆದು ನಿಂತಿರುವಾಗ ಹಿಡಿಯ ತುದಿಯನ್ನು ದಪ್ಪ ರಬ್ಬರ್ ಚಾಪೆಗೆ ಕುಟ್ಟಿ.
3. ಸೇಫ್ಟಿ ಹಾಕಿ ಟ್ರಿಗರ್ ಗಟ್ಟಿಯಾಗಿ ಒತ್ತಿ, ಬಿಡಿ. ನಂತರ ಟ್ರಿಗರ್ ಮುಟ್ಟದೆ ಸೇಫ್ಟಿ ತೆಗೆಯಿರಿ.

ಯಾವುದರಲ್ಲಾದರೂ ಪಿನ್ ಬಿದ್ದ ಸದ್ದು ಬಂದರೆ ಆ ರೈಫಲ್‌ಗೆ ಗುಂಡು ತುಂಬಬೇಡಿ, ಪರಿಣತರಿಗೆ ತೋರಿಸಿ. ಮೂರನೆಯದು ಮುಖ್ಯ: ಟ್ರಿಗರ್ ಬದಲಾದಾಗ ಹಳೆಯ ಸೇಫ್ಟಿ ಸರಿಯಾಗಿ ಕೂರದೆ ಇರಬಹುದು. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಬಂದೂಕು ರಿಪೇರಿ ಮಾಡುವುದಕ್ಕೂ ಪರವಾನಗಿ ಬೇಕು ಎಂಬುದು ನೆನಪಿರಲಿ.

ಇಷ್ಟೆಲ್ಲ ಎಚ್ಚರಿಕೆಯ ರೈಫಲ್ ಮಾಡಿದ ಮೌಸರ್‌ಗೂ ಬಂದೂಕು ರಿಯಾಯಿತಿ ತೋರಲಿಲ್ಲ. 1901ರಲ್ಲಿ ಸ್ವಯಂಚಾಲಿತ ರೈಫಲ್ ಒಂದನ್ನು ಪರೀಕ್ಷಿಸುವಾಗ ಆತ ಒಂದು ಕಣ್ಣು ಕಳೆದುಕೊಂಡ. 1914ರ ಮೇ 29ರಂದು ಓಬರ್ನ್‌ಡಾರ್ಫ್‌ನಲ್ಲೇ ತೀರಿಕೊಂಡ.

ಹಗುರ ಟ್ರಿಗರ್ ಗುರಿಗೆ ನೆರವಾಗಬಹುದು, ನಿಜ. ಆದರೆ ಪರೀಕ್ಷಿಸದ ಸೇಫ್ಟಿಯನ್ನು ನಂಬಬೇಡಿ. ಗುಂಡು ಇರಲಿ, ಇಲ್ಲದಿರಲಿ, ನಳಿಕೆಯ ಬಾಯಿ ಯಾರ ಕಡೆಗೂ ತಿರುಗದಿರಲಿ.