ಬಿಎಂಐ ಸೂತ್ರ ಕೊಟ್ಟವರು ವೈದ್ಯರೇ ಅಲ್ಲ! ನಕ್ಷತ್ರ ನೋಡುತ್ತಿದ್ದ ಅಡಾಲ್ಫ್ ಕೆಟ್ಲೆ ಮತ್ತು ನಮ್ಮ ಹೊಟ್ಟೆಯ ಲೆಕ್ಕ

ಸಿಂಧನೂರು, ಲಿಂಗಸುಗೂರು, ಮಸ್ಕಿ ಇರಲಿ, ಬೆಂಗಳೂರಿರಲಿ, ವಾಟ್ಸಾಪ್ ಗುಂಪುಗಳಲ್ಲಿ ತೂಕದ ಬಗ್ಗೆ ಬರುವ ಫಾರ್ವರ್ಡ್‌ಗಳಿಗೆ ಬರವಿಲ್ಲ. ಎತ್ತರ ಎಷ್ಟು ಸೆಂಟಿಮೀಟರ್ ಇದೆಯೋ ಅದರಲ್ಲಿ 100 ಕಳೆಯಿರಿ, ಉಳಿದದ್ದೇ ನಿಮ್ಮ ಸರಿಯಾದ ತೂಕ ಎನ್ನುತ್ತದೆ ಒಂದು. ಬಿಎಂಐ 25ರ ಒಳಗಿದ್ದರೆ ಚಿಂತೆಯೇ ಬೇಡ ಎನ್ನುತ್ತದೆ ಇನ್ನೊಂದು. ಅನ್ನ ಬಿಡಿ, ಹೊಟ್ಟೆ ತಾನಾಗಿ ಕರಗುತ್ತದೆ ಎನ್ನುತ್ತದೆ ಮತ್ತೊಂದು.

ಒಂದು ಲೆಕ್ಕ ಮಾಡಿ ನೋಡೋಣ. ಒಬ್ಬರ ಎತ್ತರ 170 ಸೆಂ.ಮೀ., ತೂಕ 70 ಕೆ.ಜಿ. ಎಂದಿಟ್ಟುಕೊಳ್ಳಿ. ಮೊದಲ ಫಾರ್ವರ್ಡ್ ಪ್ರಕಾರ ಅವರದು ಅಚ್ಚುಕಟ್ಟಾದ ತೂಕ. ಅವರ ಬಿಎಂಐ 24.2 ಬರುತ್ತದೆ, ಹಾಗಾಗಿ ಎರಡನೆಯದರ ಪ್ರಕಾರವೂ ಪಾಸ್. ಆದರೆ ಭಾರತೀಯರಿಗಾಗಿ ನಮ್ಮ ತಜ್ಞರು ಸೂಚಿಸಿರುವ ಮಿತಿಯಲ್ಲಿ 23 ದಾಟಿದರೆ ಅದು ಹೆಚ್ಚು ತೂಕ. ಒಬ್ಬರೇ ಮನುಷ್ಯ, ತೀರ್ಪು ಮಾತ್ರ ಬೇರೆ ಬೇರೆ. ಯಾವುದು ಸರಿ?

ಇದಕ್ಕೆ ಉತ್ತರ ಬೇಕೆಂದರೆ ಈ ಸೂತ್ರ ಎಲ್ಲಿಂದ ಬಂತು ಎಂದು ತಿಳಿಯಬೇಕು. ಅದನ್ನು ಕೊಟ್ಟವರು ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ. ಅವರು ವೈದ್ಯರಲ್ಲ, ಆಹಾರ ತಜ್ಞರೂ ಅಲ್ಲ.

ತಂದೆ ಇಲ್ಲದ ಹುಡುಗ, ಗಣಿತದ ಮೇಷ್ಟ್ರು

ಕೆಟ್ಲೆ ಹುಟ್ಟಿದ್ದು 1796ರ ಫೆಬ್ರವರಿ 22ರಂದು, ಗೆಂಟ್ ನಗರದಲ್ಲಿ. ಏಳು ವರ್ಷದವರಿದ್ದಾಗ ತಂದೆ ತೀರಿಕೊಂಡರು. ಓದು ಮುಗಿಯುತ್ತಿದ್ದಂತೆ ಮನೆ ನಡೆಸಲು ಶಾಲೆಯಲ್ಲಿ ಪಾಠ ಹೇಳಬೇಕಾಯಿತು. ಅವರ ಮನಸ್ಸು ಮಾತ್ರ ಚಿತ್ರ, ಶಿಲ್ಪ, ಕವಿತೆಗಳ ಕಡೆಗಿತ್ತು. ಗೆಳೆಯನ ಜೊತೆ ಸೇರಿ ಸಂಗೀತ ನಾಟಕವನ್ನೂ ಬರೆದರು.

ಆದರೆ ಕೈಹಿಡಿದದ್ದು ಗಣಿತ. 1819ರಲ್ಲಿ ಗೆಂಟ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದರು. ಆ ಹೊಸ ವಿಶ್ವವಿದ್ಯಾಲಯ ಕೊಟ್ಟ ಮೊದಲ ಡಾಕ್ಟರೇಟ್ ಅದು. ನಂತರ ಬ್ರಸೆಲ್ಸ್‌ಗೆ ಬಂದು ಮೇಷ್ಟ್ರಾದರು. ಅಲ್ಲೊಂದು ಖಗೋಳ ವೀಕ್ಷಣಾಲಯ ಕಟ್ಟಬೇಕೆಂದು ಹಠ ಹಿಡಿದರು.

ನಕ್ಷತ್ರ ಕಲಿಯಲು ಹೋದರು, ಮನುಷ್ಯರನ್ನು ಎಣಿಸುತ್ತಾ ಬಂದರು

1823ರಲ್ಲಿ ಸರ್ಕಾರ ಅವರನ್ನು ಖಗೋಳ ವಿಜ್ಞಾನ ಕಲಿಯಲು ಪ್ಯಾರಿಸ್‌ಗೆ ಕಳಿಸಿತು. ದೂರದರ್ಶಕದ ಜೊತೆಗೆ ಅಲ್ಲಿ ಅವರಿಗೆ ಸಿಕ್ಕಿದ್ದು ಸಂಭವನೀಯತೆಯ ಗಣಿತ.

ಅದೇನು ಎಂಬುದನ್ನು ಸರಳವಾಗಿ ಹೇಳುತ್ತೇವೆ. ಒಂದೇ ಭತ್ತದ ಚೀಲವನ್ನು ನೂರು ಜನ ಬೇರೆ ಬೇರೆ ತಕ್ಕಡಿಯಲ್ಲಿ ತೂಗಿದರೆ ನೂರು ಸಲವೂ ಒಂದೇ ಅಂಕಿ ಬರುವುದಿಲ್ಲ. ಹೆಚ್ಚಿನವು ನಿಜವಾದ ತೂಕದ ಆಸುಪಾಸಿನಲ್ಲಿ ಇರುತ್ತವೆ. ತೀರಾ ಹೆಚ್ಚು, ತೀರಾ ಕಡಿಮೆ ತೋರಿಸುವವು ವಿರಳ. ಚಿತ್ರ ಬರೆದರೆ ಗಂಟೆಯ ಆಕಾರ ಬರುತ್ತದೆ. ನಕ್ಷತ್ರದ ಜಾಗವನ್ನು ಮತ್ತೆ ಮತ್ತೆ ಅಳೆಯುವಾಗ ಆಗುವ ತಪ್ಪುಗಳನ್ನು ಖಗೋಳ ವಿಜ್ಞಾನಿಗಳು ಹೀಗೆಯೇ ಸರಿಪಡಿಸುತ್ತಿದ್ದರು.

ಕೆಟ್ಲೆ ಊರಿಗೆ ಮರಳಿದರು, ವೀಕ್ಷಣಾಲಯದ ಕೆಲಸ ಶುರುವಾಯಿತು. ಕಟ್ಟಡ ಮುಗಿಯುವ ಮೊದಲೇ, 1830ರಲ್ಲಿ, ಬೆಲ್ಜಿಯಂ ಕ್ರಾಂತಿ ಎದ್ದಿತು. ನಕ್ಷತ್ರ ನೋಡಬೇಕಿದ್ದ ಕಟ್ಟಡ ಹೋರಾಟಗಾರರ ಕೋಟೆಯಾಯಿತು. ಅದೇ ವರ್ಷಗಳಲ್ಲಿ ಕೆಟ್ಲೆ ಆಕಾಶದ ಗಣಿತವನ್ನು ಮನುಷ್ಯರ ಮೇಲೆ ಇಟ್ಟು ನೋಡತೊಡಗಿದರು.

ಹುಟ್ಟು, ಸಾವು, ಮದುವೆ, ಅಪರಾಧ ಹೀಗೆ ಸಿಕ್ಕ ಅಂಕಿಗಳನ್ನೆಲ್ಲ ಕೂಡಿಹಾಕಿದರು. ಫ್ರಾನ್ಸ್‌ನ ನ್ಯಾಯಾಲಯಗಳ ಲೆಕ್ಕ ನೋಡಿ ಅವರಿಗೆ ಅಚ್ಚರಿಯಾಯಿತು. ಯಾರು ಕಳ್ಳತನ ಮಾಡುತ್ತಾರೆಂದು ಹೇಳಲಾಗದು. ಆದರೂ ವರ್ಷಕ್ಕೆ ಎಷ್ಟು ಅಪರಾಧ ಎಂಬ ಸಂಖ್ಯೆ ಮಾತ್ರ ಹೆಚ್ಚುಕಡಿಮೆ ಒಂದೇ. ಹಾಗಾದರೆ ತಪ್ಪು ಒಬ್ಬೊಬ್ಬರ ಗುಣದಲ್ಲಿ ಮಾತ್ರ ಇಲ್ಲ, ಸಮಾಜದ ಸ್ಥಿತಿಯಲ್ಲೂ ಇದೆ ಎಂದು ಅವರು ವಾದಿಸಿದರು. ಸ್ಥಿತಿ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ ಎಂಬುದು ಅವರ ನಂಬಿಕೆ. ಹಲವರಿಗೆ ಇದು ಸಿಟ್ಟು ತರಿಸಿತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಇದೇ ನಮಗೆ ಬೇಕಾಗುತ್ತದೆ.

ತೂಕಕ್ಕೂ ಎತ್ತರಕ್ಕೂ ಏನು ನಂಟು?

1835ರಲ್ಲಿ ಮನುಷ್ಯನ ಬೆಳವಣಿಗೆ ಕುರಿತ ಅವರ ದೊಡ್ಡ ಪುಸ್ತಕ ಪ್ಯಾರಿಸ್‌ನಲ್ಲಿ ಪ್ರಕಟವಾಯಿತು. ಅದಕ್ಕಾಗಿ ಅವರು ಬ್ರಸೆಲ್ಸ್‌ನ ಆಸ್ಪತ್ರೆಯಲ್ಲಿ ಆಗಷ್ಟೇ ಹುಟ್ಟಿದ ಕೂಸುಗಳಿಂದ ಹಿಡಿದು ಮುದುಕರವರೆಗೆ ಅಳತೆಗಳನ್ನು ಸಂಗ್ರಹಿಸಿದ್ದರು.

ಅವರ ಮುಂದಿದ್ದ ಪ್ರಶ್ನೆ ಇದು. ಮನುಷ್ಯ ಉದ್ದ, ಅಗಲ, ದಪ್ಪ ಮೂರರಲ್ಲೂ ಸಮವಾಗಿ ಬೆಳೆದರೆ ತೂಕವು ಎತ್ತರದ ಘನದಷ್ಟು ಹೆಚ್ಚಬೇಕು. ನಿಜವಾಗಿ ಹಾಗಾಗುತ್ತದೆಯೇ? ಅಂಕಿಗಳು ಇಲ್ಲ ಎಂದವು. ದೊಡ್ಡವರಲ್ಲಿ ತೂಕವು ಸುಮಾರಾಗಿ ಎತ್ತರದ ವರ್ಗದಂತೆ ಹೆಚ್ಚುತ್ತದೆ. ಇಂದು ನಾವು ಕೆ.ಜಿ. ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸುವುದು ಇದರಿಂದಲೇ ಬಂದದ್ದು. ಬೆಳೆಯುವ ಮಕ್ಕಳಲ್ಲಿ ಈ ನಂಟು ಬೇರೆ ಎಂಬುದನ್ನೂ ಅವರು ಆಗಲೇ ಗುರುತಿಸಿದ್ದರು. ನಿಮ್ಮ ಮಗುವಿನ ಬಿಎಂಐಯನ್ನು ದೊಡ್ಡವರ ಪಟ್ಟಿಯಲ್ಲಿ ನೋಡಬಾರದು ಎನ್ನುವುದು ಅದಕ್ಕೇ.

ಗಮನಿಸಿ, ಇಲ್ಲಿ ಬೊಜ್ಜಿನ ಮಾತೇ ಇಲ್ಲ. ಕೆಟ್ಲೆ ಯಾರನ್ನೂ ದಪ್ಪ, ತೆಳ್ಳಗೆ ಎಂದು ವಿಂಗಡಿಸಲು ಹೊರಟಿರಲಿಲ್ಲ. ಅವರು ಹುಡುಕುತ್ತಿದ್ದದ್ದು ಸರಾಸರಿ ಮನುಷ್ಯನನ್ನು.

ಸರಾಸರಿಯೇ ಆದರ್ಶವಾದಾಗ

ಮುಂದೆ ಕೆಟ್ಲೆ 5,000ಕ್ಕೂ ಹೆಚ್ಚು ಸ್ಕಾಟ್ಲೆಂಡ್ ಸೈನಿಕರ ಎದೆಯ ಸುತ್ತಳತೆಯನ್ನು ಪರಿಶೀಲಿಸಿದರು. ಅಲ್ಲೂ ಅದೇ ಗಂಟೆಯ ಆಕಾರ! ಅವರು ಇದರಿಂದ ಒಂದು ಹೆಜ್ಜೆ ಮುಂದೆ ಹೋದರು, ಅಲ್ಲೇ ಎಡವಿದರು. ನಕ್ಷತ್ರಕ್ಕೆ ಒಂದು ನಿಜವಾದ ಜಾಗ ಇರುವಂತೆ ಮನುಷ್ಯನಿಗೂ ಒಂದು ಸರಿಯಾದ ಅಳತೆ ಇದೆ, ಸರಾಸರಿಯೇ ಆ ಆದರ್ಶ, ಉಳಿದವರು ಅದರಿಂದ ತಪ್ಪಿದವರು ಎಂದು ಭಾವಿಸಿದರು. ಅವರ ನಂತರ ಇದೇ ಗಣಿತವನ್ನು ಹಿಡಿದ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಮನುಷ್ಯರಲ್ಲಿ ಮೇಲು ಕೀಳು ಹುಡುಕುವ ತಳಿಶುದ್ಧಿಯ ವಾದಕ್ಕೆ ಇಳಿದರು. ಅದರ ಕೆಟ್ಟ ಫಲವನ್ನು ಇಪ್ಪತ್ತನೇ ಶತಮಾನ ಉಂಡಿತು.

ಒಳ್ಳೆಯದೂ ಬಹಳ ಆಯಿತು. ಬೆಲ್ಜಿಯಂನ 1846ರ ಜನಗಣತಿಯಲ್ಲಿ ಕೆಟ್ಲೆ ಪಾತ್ರ ದೊಡ್ಡದು. 1853ರಲ್ಲಿ ಮೊದಲ ಅಂತಾರಾಷ್ಟ್ರೀಯ ಅಂಕಿಅಂಶ ಸಮ್ಮೇಳನ ಬ್ರಸೆಲ್ಸ್‌ನಲ್ಲಿ ನಡೆಯಿತು. ಫ್ಲಾರೆನ್ಸ್ ನೈಟಿಂಗೇಲ್ ಅವರ ದೊಡ್ಡ ಅಭಿಮಾನಿ. ಭಾರತಕ್ಕೆ ಒಮ್ಮೆಯೂ ಬರದೆ ಇಲ್ಲಿನ ಬರಗಾಲ, ನೀರಾವರಿ, ನೈರ್ಮಲ್ಯದ ಬಗ್ಗೆ ವರ್ಷಗಟ್ಟಲೆ ಬರೆದವರು ಆಕೆ. ಅಂಕಿಗಳಿಂದ ಜನರ ಆರೋಗ್ಯ ಕಾಪಾಡಬಹುದು ಎಂಬ ಅವರ ನಂಬಿಕೆಗೆ ಕೆಟ್ಲೆ ಬರಹಗಳ ಬಲವಿತ್ತು.

1855ರಲ್ಲಿ ಕೆಟ್ಲೆಗೆ ಪಾರ್ಶ್ವವಾಯು ಬಡಿಯಿತು, ನೆನಪಿನ ಶಕ್ತಿ ಕುಂದಿತು. ಆದರೂ ಕೆಲಸ ಬಿಡಲಿಲ್ಲ. 1874ರ ಫೆಬ್ರವರಿ 17ರಂದು ಬ್ರಸೆಲ್ಸ್‌ನಲ್ಲಿ ತೀರಿಕೊಂಡರು. ತಮ್ಮ ಸೂತ್ರ ಮುಂದೆ ಪ್ರತಿ ಆಸ್ಪತ್ರೆಯ ಚೀಟಿಯಲ್ಲೂ ಕೂರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ.

ಸತ್ತ 98 ವರ್ಷಗಳ ನಂತರ ಹೊಸ ಹೆಸರು

ಇಪ್ಪತ್ತನೇ ಶತಮಾನದಲ್ಲಿ ಅಮೆರಿಕದ ಜೀವವಿಮಾ ಕಂಪನಿಗಳು ಎತ್ತರಕ್ಕೆ ತಕ್ಕ ತೂಕದ ಪಟ್ಟಿಗಳನ್ನು ಮಾಡಿದವು. ಅವು ಅಷ್ಟು ಸರಿಯಿರಲಿಲ್ಲ. 1972ರಲ್ಲಿ ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ ಮತ್ತು ಸಂಗಡಿಗರು 5 ದೇಶಗಳ 7,000ಕ್ಕೂ ಹೆಚ್ಚು ಗಂಡಸರ ಅಳತೆ ಇಟ್ಟುಕೊಂಡು ಹಲವು ಸೂತ್ರಗಳನ್ನು ಹೋಲಿಸಿದರು. ಕೆಟ್ಲೆಯ ಹಳೆಯ ಸೂತ್ರವೇ ವಾಸಿ ಎಂದು ಕಂಡು, ಅದಕ್ಕೆ ಬಾಡಿ ಮಾಸ್ ಇಂಡೆಕ್ಸ್, ಅಂದರೆ ಬಿಎಂಐ ಎಂದು ಹೆಸರಿಟ್ಟರು. ಆ 5 ದೇಶಗಳಲ್ಲಿ ಭಾರತ ಇರಲಿಲ್ಲ. ಹೆಂಗಸರಂತೂ ಇರಲೇ ಇಲ್ಲ.

ತೊಂದರೆ ಇಲ್ಲೇ ಇದೆ. ಬಿಎಂಐ ತೂಕವನ್ನು ನೋಡುತ್ತದೆ, ಆ ತೂಕ ಕೊಬ್ಬಿನದೋ ಮಾಂಸಖಂಡದ್ದೋ ನೋಡುವುದಿಲ್ಲ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಫೋಟೋ ಬಂತು. ಒಬ್ಬರು ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಬ್ರಿಟನ್ನಿನ ಡಾ. ಜಾನ್ ಯಡ್ಕಿನ್. ಇಬ್ಬರ ಬಿಎಂಐಯೂ 22.3. ಆದರೆ ಬ್ರಿಟನ್ನಿನವರ ಮೈಯಲ್ಲಿ ಕೊಬ್ಬು ಶೇ 9.1, ಪುಣೆಯವರ ಮೈಯಲ್ಲಿ ಶೇ 21.2!

ನಮ್ಮಲ್ಲಿ ಕೈಕಾಲು ಸಣ್ಣ, ಹೊಟ್ಟೆ ಮುಂದೆ ಇರುವವರು ಹೆಚ್ಚು. ಹೊಟ್ಟೆಯೊಳಗೆ ಯಕೃತ್ತು, ಕರುಳಿನ ಸುತ್ತ ಕೂರುವ ಕೊಬ್ಬು ಇನ್ಸುಲಿನ್ ಕೆಲಸಕ್ಕೆ ಅಡ್ಡಿ ಮಾಡುತ್ತದೆ. ಸಕ್ಕರೆ ಕಾಯಿಲೆ, ಬಿಪಿ, ಫ್ಯಾಟಿ ಲಿವರ್, ಹೃದಯದ ತೊಂದರೆ ಒಂದರ ಹಿಂದೆ ಒಂದು ಬರುತ್ತವೆ. ಭಾರವೇ ಹೆಚ್ಚಾದರೆ ಮಂಡಿನೋವು, ನಿದ್ದೆಯಲ್ಲಿ ಉಸಿರು ಕಟ್ಟುವುದು ಬೇರೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಇಂಡಿಯಾಬ್ ಅಧ್ಯಯನದಲ್ಲಿ ಬಿಎಂಐ ಲೆಕ್ಕದ ಬೊಜ್ಜು ಶೇ 28.6 ಜನರಲ್ಲಿತ್ತು, ಹೊಟ್ಟೆಯ ಬೊಜ್ಜು ಶೇ 39.5 ಜನರಲ್ಲಿತ್ತು. ಅಂದರೆ ಬಿಎಂಐ ಒಂದನ್ನೇ ನೋಡಿದರೆ ಎಷ್ಟೋ ಜನ ತಪ್ಪಿಸಿಕೊಳ್ಳುತ್ತಾರೆ.

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಕೂಸುಗಳ ಹುಟ್ಟುತೂಕ ಬರೆದಿಟ್ಟಿದ್ದರು. ದಶಕಗಳ ನಂತರ ಆ ಕೂಸುಗಳನ್ನು ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಂಡಿತು. ತಾಯಿಯ ಹೊಟ್ಟೆಯಲ್ಲಿ ಅನುಭವಿಸಿದ ಕೊರತೆಯ ಗುರುತು ಮುಪ್ಪಿನವರೆಗೂ ಉಳಿಯಬಹುದು.

ಕೆಟ್ಲೆ ಸಿಂಧನೂರಿಗೆ ಬಂದಿದ್ದರೆ?

ಬಂದಿದ್ದರೆ ಯಾಕೆ ಹೊಟ್ಟೆ ಬಿಟ್ಟಿದ್ದೀರಿ ಎಂದು ಯಾರನ್ನೂ ಕೇಳುತ್ತಿರಲಿಲ್ಲ. ಊರಲ್ಲಿ ಏನು ಬದಲಾಗಿದೆ ಎಂದು ಕೇಳುತ್ತಿದ್ದರು.

ಬದಲಾದದ್ದು ಕಣ್ಣಮುಂದೆಯೇ ಇದೆ. 1953ರಲ್ಲಿ ಹೊಸಪೇಟೆ ಬಳಿ ತುಂಗಭದ್ರಾ ಅಣೆಕಟ್ಟು ಎದ್ದಿತು. ಎಡದಂಡೆ ಕಾಲುವೆಯ ನೀರು ಬಂದಲ್ಲೆಲ್ಲ ಜೋಳದ ಹೊಲ ಭತ್ತದ ಗದ್ದೆಯಾಯಿತು. ಬರಗಾಲದ ಸೀಮೆಗೆ ಅನ್ನ ಸಿಕ್ಕಿತು, ಅದು ಸಣ್ಣ ಮಾತಲ್ಲ. ಆದರೆ ತಟ್ಟೆಯಲ್ಲಿ ಜೋಳದ ರೊಟ್ಟಿ, ಕಾಳುಪಲ್ಯ ಕಡಿಮೆಯಾಗಿ ಪಾಲಿಶ್ ಮಾಡಿದ ಬಿಳಿ ಅನ್ನದ ರಾಶಿ ದೊಡ್ಡದಾಯಿತು. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್, ಕುಡುಗೋಲಿನ ಜಾಗಕ್ಕೆ ಕಟಾವು ಯಂತ್ರ, ನಡೆಯುವ ದಾರಿಗೆ ಬೈಕ್ ಬಂದವು. ಸಂಜೆಗೆ ಮಂಡಾಳ ಒಗ್ಗರಣಿ, ಮಿರ್ಚಿ, ಸಿಹಿ ಚಹಾ. ಅಂಗಡಿಯ ತುಂಬ ಐದು ರೂಪಾಯಿ ಪೊಟ್ಟಣ. ರಾತ್ರಿ ಕೈಯಲ್ಲಿ ಫೋನ್, ಕಣ್ಣಿಗೆ ನಿದ್ದೆ ಇಲ್ಲ.

ಹಾಗೆಂದು ಅನ್ನ ವಿಷವಲ್ಲ, ರೊಟ್ಟಿ ಮದ್ದೂ ಅಲ್ಲ. ಜೋಳದಲ್ಲೂ ಹಿಟ್ಟಿನಂಶವೇ ಹೆಚ್ಚು, ನಾರು ಸ್ವಲ್ಪ ಜಾಸ್ತಿ. ದಿನವಿಡೀ ಬಗ್ಗಿ ಭತ್ತ ನಾಟಿ ಮಾಡುವ ಹೆಣ್ಣುಮಗಳಿಗೂ ಅಂಗಡಿಯಲ್ಲಿ ಕೂತು ವ್ಯಾಪಾರ ಮಾಡುವವರಿಗೂ ಒಂದೇ ಅಳತೆಯ ಅನ್ನ ಹೊಂದುವುದಿಲ್ಲ, ಅಷ್ಟೇ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹೆಚ್ಚು ತೂಕ ಅಥವಾ ಬೊಜ್ಜಿರುವ ಮಹಿಳೆಯರು 2015-16ರಲ್ಲಿ ಶೇ 23ರಷ್ಟಿದ್ದರು, 2019-20ರ ಸುತ್ತಿನಲ್ಲಿ ಶೇ 30 ಆದರು. ಅದೇ ಸಮೀಕ್ಷೆಯಲ್ಲಿ ಶೇ 17ರಷ್ಟು ಮಹಿಳೆಯರು ಇರಬೇಕಾದ್ದಕ್ಕಿಂತ ತೆಳ್ಳಗಿದ್ದರು. ನಾಲ್ಕೈದು ವರ್ಷದಲ್ಲಿ ಇಷ್ಟು ಜನ ಒಟ್ಟಿಗೇ ಸೋಮಾರಿಗಳಾದರೇ? ಸಾಧ್ಯವಿಲ್ಲ. ಬದಲಾದದ್ದು ಸುತ್ತಲಿನ ಬದುಕು. ದಪ್ಪ ಇದ್ದವರನ್ನು ಆಡಿಕೊಳ್ಳುವುದರಿಂದ ಈ ಸಂಖ್ಯೆ ಇಳಿಯುವುದಿಲ್ಲ.

ಹಾಗಾದರೆ ನಾವು ಏನು ಮಾಡಬೇಕು?

ಬಿಎಂಐ ಸುಳ್ಳಲ್ಲ. ಒಂದು ಜಿಲ್ಲೆ, ಒಂದು ರಾಜ್ಯದ ಸ್ಥಿತಿ ತಿಳಿಯಲು ಅದು ಒಳ್ಳೆಯ ಸಾಧನ. ಕೆಟ್ಲೆ ಮಾಡಿದ್ದೂ ಅದಕ್ಕೇ. ಒಬ್ಬರ ಆರೋಗ್ಯ ತೀರ್ಮಾನಿಸಲು ಮಾತ್ರ ಅದೊಂದೇ ಸಾಲದು. 2025ರಲ್ಲಿ ಲ್ಯಾನ್ಸೆಟ್ ತಜ್ಞರ ಆಯೋಗವೂ ಇದನ್ನೇ ಹೇಳಿದೆ.

ಮನೆಯಲ್ಲಿ ಬಟ್ಟೆ ಹೊಲಿಯುವ ಟೇಪು ಇದ್ದರೆ ತೆಗೆದುಕೊಳ್ಳಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ನಡುವೆ, ಹೊಟ್ಟೆ ಒಳಗೆ ಎಳೆಯದೆ, ಉಸಿರು ಬಿಟ್ಟ ಮೇಲೆ ಅಳೆಯಿರಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದ್ದರೆ ಎಚ್ಚರಿಕೆ ಬೇಕು. ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು 30 ದಾಟಿದವರಿಗಾಗಿ ತುಂಬುವ ನಮೂನೆಯಲ್ಲೂ ಸೊಂಟದ ಅಳತೆಯ ಪ್ರಶ್ನೆ ಇದೆ. ಅವರು ಮನೆಗೆ ಬಂದಾಗ ನಾಚಿಕೊಂಡು ಒಳಗೆ ಹೋಗಬೇಡಿ. ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ, ಬಿಪಿ ನೋಡಿಸಿಕೊಳ್ಳಿ.

ಮುಂದಿನ ಸಲ ಎತ್ತರದಲ್ಲಿ 100 ಕಳೆಯುವ ಫಾರ್ವರ್ಡ್ ಬಂದರೆ ಅದನ್ನು ಮುಂದೆ ಕಳಿಸುವ ಬದಲು ಆ ಗುಂಪಿಗೆ ಇದನ್ನು ಕಳಿಸಿ. ಅದಕ್ಕೂ ಮೊದಲು ನಿಮ್ಮ ಸೊಂಟದ ಅಳತೆ ನೋಡಿಕೊಳ್ಳಿ!